ಕೋಟಿಲ್ಲದ ಜೇಬು

ಕೋಟಿಗೆ ಜೇಬಿರುವುದನ್ನು ನೀವೆಲ್ಲ ನೋಡಿದ್ದೀರಿ. ದರ್ಜಿ ಬಟ್ಟೆ ಉಳಿಸಿಕೊಂಡ ಪಕ್ಷದಲ್ಲಿ ಜೇಬಿಲ್ಲದ ಕೋಟನ್ನೂ ತೊಟ್ಟಿರಬಹುದು. ಆದರೆ ಕೋಟಿಲ್ಲದ ಜೇಬನ್ನು ಎಲ್ಲಾದರೂ ಕಂಡಿದ್ದೀರಾ? ನನ್ನ ಹತ್ತಿರ ಒಂದಿದೆ. ಅಂಗೈಗಿಂತ ತುಸು ದೊಡ್ಡದು, ಕಡುನೀಲಿ ಉಣ್ಣೆ ಬಟ್ಟೆಯದು. ಮುಂದುಗಡೆ ಜರಿದಾರದ ಕಸೂತಿಯಲ್ಲಿ ವಿಶ್ವವಿದ್ಯಾನಿಲಯದ ಬ್ಯಾಡ್ಜು. ಹಿಂದುಗಡೆ ಅಂಚಿನ ಸುತ್ತ ಆರು ಟಿಚ್ ಬಟನ್ನುಗಳು. ಇಂದು ಮಧ್ಯಾಹ್ನ ಇದನ್ನು ಟ್ರಂಕಿನ ತಳದಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ಹುಡುಕಲು ಹೋದದ್ದು ರೇಷನ್ ಕಾರ್ಡನ್ನು.

“ಸಿಕ್ತೇನೋ?” ಎಂದು ಅಡಿಗೆಮನೆಯಿಂದ ಅಮ್ಮ ಕೇಳಿದಳು.

“ಕಾರ್ಡು ಇಲ್ಲಮ್ಮ. ಜೇಬು ಸಿಕ್ತು.”

“ಒಳ್ಳೇದಾಯ್ತು. ರಾತ್ರಿಗೆ ಅದನ್ನೇ ಬೇಯಿಸಿ ಬಸಿದು ಹಾಕ್ತೀನಿ, ಸಾರು ಕಲಸ್ಕೊಂಡು ಉಣ್ಣು.”

ಸಂಜೆ ಇದನ್ನು ಒಯ್ಯಲು ಒಬ್ಬ ಬರುವವನಿದ್ದಾನೆ. ಅವನು ಯಾರು, ಯಾಕೆ ಎಂಬುದು ಆಮೇಲೆ. ಅಷ್ಟರೊಳಗೆ ನಾನು ಇನ್ನೊಂದು ಕೆಲಸ ಮುಗಿಸಬೇಕು. ನಮ್ಮ ಡ್ರಿಲ್ ಮೇಷ್ಟ್ರು ವೆಂಕಟರಾಮಯ್ಯನವರು ಹೋದ ವಾರ ಒಂದು ಕಾರ್ಡು ಬರೆದಿದ್ದಾರೆ: “ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ಇಸವಿ ಸಮೇತ, ಶಿಸ್ತಾಗಿ, ಎರಡು ಪುಟ ಮೀರದಂತೆ ಬರೆದು ಕಳಿಸತಕ್ಕದ್ದು. ಚೇಷ್ಟೆ ಕೂಡದು.” ಕಾರ್ಡನ್ನು ಓದುವಾಗಲೇ ಅವರ ದನಿ ಕೇಳಿಸಿತು. ಗಂಟಲಲ್ಲಿ ಅರ್ಧ ಸೀಟಿ ಸಿಕ್ಕಿಕೊಂಡವರ ದನಿ. ಎಲ್ಲ ಮಾತನ್ನೂ ಅವರು ಕವಾಯಿತಿನ ಲೆಕ್ಕದಲ್ಲೇ ಆಡುತ್ತಿದ್ದರು. ಮನೆಗೆ ಯಾರಾದರೂ ಬಂದರೆ “ಬನ್ನಿ, ಒಂದ್! ಕೂತ್ಕೊಳ್ಳಿ, ಎರಡ್!” ಎನ್ನುತ್ತಿದ್ದರೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ಆದರೆ ಅವರನ್ನು ಬಲ್ಲವರು ಯಾರೂ ಇದುವರೆಗೆ ಅನುಮಾನ ಪಟ್ಟಿಲ್ಲ.

ತೊಂದರೆಯೇನೆಂದರೆ ನನಗೆ ಇಸವಿ ನೆನಪಿರುವುದಿಲ್ಲ. ದನಿ ನೆನಪಿರುತ್ತದೆ. ಇದು ಹುಟ್ಟಿನಿಂದ ಬಂದ ಚಾಳಿ. ಹಲಸೂರಿನ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದದ್ದು ಹಾಲಿನ ಮುನಿಯಮ್ಮನ ಕೂಗಿಗೆ. “ಹಾಲೂ” ಎಂದು ಶುರುವಾದ ಅವಳ ರಾಗ ಬೀದಿಯ ಈ ತುದಿಯಿಂದ ಕೆರೆ ಏರಿಯವರೆಗೂ ಎಳೆಯುತ್ತಿತ್ತು. ಎಂಟನೆಯ ವಯಸ್ಸಿಗೆ ನಾನು ಅದನ್ನು ಪೂರ್ತಿ ಕಲಿತೆ. ಒಂದು ಬೆಳಿಗ್ಗೆ ಗೋಡೆಯ ಮರೆಯಲ್ಲಿ ನಿಂತು ಕೂಗಿದಾಗ ಪಕ್ಕದ ಮನೆಯ ಕಮಲಮ್ಮನವರು ಚೊಂಬು ಹಿಡಿದು ಓಡಿ ಬಂದರು. ಯಾರೂ ಇಲ್ಲ. ಮತ್ತೆ ಕೂಗಿದೆ, ಮತ್ತೆ ಬಂದರು. ಮೂರನೆಯ ಸಲ ನನ್ನ ನೆರಳು ಕಂಡು, ಚೊಂಬು ಎತ್ತಿ ತೋರಿಸಿ ಒಳಗೆ ಹೋದರು. ಆಮೇಲೆ ನಿಜವಾದ ಮುನಿಯಮ್ಮ ಬಂದು ಗಂಟಲು ಹರಿಯುವ ಹಾಗೆ ಕೂಗಿದಳು. “ಇನ್ನು ಏಮಾರೋಳಲ್ಲ ನಾನು, ಹೋಗೋ ಕಪಿ!” ಎಂದು ಒಳಗಿನಿಂದ ಉತ್ತರ ಬಂತು. ಆ ದಿನ ಅವರ ಮನೆಯವರೆಲ್ಲ ಕರಿಕಾಫಿ ಕುಡಿದರು.

ವಿಷಯ ತಿಳಿದು ಅಮ್ಮ ನನ್ನ ಕಿವಿ ಹಿಡಿದಳು. “ಊರವರ ದನಿಯೆಲ್ಲ ಮಾಡ್ತೀಯಲ್ಲ, ನಿಂದು ಅಂತ ಒಂದು ದನಿ ಇದ್ಯಾ? ಇದ್ರೆ ಒಂದ್ಸಲ ಕೇಳ್ಸು ನೋಡೋಣ.” ಕೇಳಿಸೋಣವೆಂದೇ ಬಾಯಿ ತೆರೆದೆ. ಅಪ್ಪನ ದನಿ ಬಂತು. ಅಪ್ಪ ಅಲ್ಲೇ ಪೇಪರು ಓದುತ್ತಿದ್ದರು. ಮುಂದಿನದನ್ನು ನೀವು ಊಹಿಸಿಕೊಳ್ಳಿ.

ಚರಿತ್ರೆಗೆ ಬರುತ್ತೇನೆ. ವಿಶ್ವವಿದ್ಯಾನಿಲಯ ಇದ್ದದ್ದು ರೈಲಿನಲ್ಲಿ ಅರ್ಧ ದಿನದ ದೂರದಲ್ಲಿ. ಅದರ ಬ್ಯಾಸ್ಕೆಟ್‌ಬಾಲ್ ತಂಡ ಇದ್ದದ್ದು ಮಾತ್ರ ಬೆಂಗಳೂರು ದಂಡಿನಲ್ಲಿ. ಅಂದರೆ ಬೆಂಗಳೂರು ಸಿಟಿಯ ಕಾಲೇಜುಗಳಲ್ಲಿ ಓದುತ್ತಿದ್ದ ಮಹಾರಾಜರ ವಿದ್ಯಾರ್ಥಿಗಳು ಅಭ್ಯಾಸ ಮಾಡಲು ದಿನಾ ಸಂಜೆ ಇಂಗ್ಲಿಷರ ರಾಜ್ಯಕ್ಕೆ ಬರುತ್ತಿದ್ದರು. ಯಾಕೆಂದರೆ ಈ ಆಟವನ್ನು ಬಲ್ಲವರು ಇದ್ದದ್ದು ಇಲ್ಲೇ. ಯುದ್ಧದ ಕಾಲದ ಸೋಲ್ಜರುಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿಯೇ ದಂಡಿನ ಅರ್ಧ ಹುಡುಗರು ಕಲಿತಿದ್ದರು. ಹಲಸೂರು ಕೆರೆಯ ಹತ್ತಿರ ಒಂದು ಮಣ್ಣಿನ ಅಂಗಳ ನಮ್ಮ ಪಾಲಿಗೆ ಸಿಕ್ಕಿತ್ತು. ಸಂಜೆ ನಾಲ್ಕಕ್ಕೆ ಭಿಸ್ತಿ ತೊಗಲಿನ ಚೀಲದಿಂದ ನೀರು ಚಿಮುಕಿಸಿ ಹೋಗುತ್ತಿದ್ದ, ಆಮೇಲೆ ನಾವು ಸುಣ್ಣದ ಗೆರೆ ಎಳೆಯುತ್ತಿದ್ದೆವು. ಚೆಂಡಿಗೆ ಆಗ ಶೂಸಿನ ಹಾಗೆ ಲೇಸು ಇರುತ್ತಿತ್ತು. ಲೇಸಿನ ಕಡೆ ನೆಲಕ್ಕೆ ಬಡಿದರೆ ಅದು ಹೇಳಿದ ಕಡೆ ಪುಟಿಯದೆ ತನಗೆ ತೋಚಿದ ಕಡೆ ಹೋಗುತ್ತಿತ್ತು.

ಕಂಬಕ್ಕೆ ಕಟ್ಟಿದ ಎರಡು ರಿಂಗುಗಳ ವಿಷಯ ಹೇಳಲೇಬೇಕು. ಅವನ್ನು ಹಲಸೂರಿನ ಕಮ್ಮಾರನೊಬ್ಬ ಗಾಡಿ ಚಕ್ರದ ಪಟ್ಟಿಯಿಂದ ಮಾಡಿಕೊಟ್ಟಿದ್ದ. ಮೊದಲನೆಯದನ್ನು ಧಾರಾಳವಾಗಿ ಬಗ್ಗಿಸಿದ. ಎರಡನೆಯದಕ್ಕೆ ಬರುವಾಗ ಪಟ್ಟಿ ಸಾಲದೆ ಹೋಯಿತು. ಹೀಗಾಗಿ ಕೆರೆಯ ಕಡೆಯ ರಿಂಗು ದೊಡ್ಡದು, ರಸ್ತೆಯ ಕಡೆಯದು ಚಿಕ್ಕದು. ನಾವು ಅವಕ್ಕೆ ದೊಡ್ಡಮ್ಮ, ಚಿಕ್ಕಮ್ಮ ಎಂದು ಹೆಸರಿಟ್ಟಿದ್ದೆವು. ಪರ ಊರಿನ ತಂಡ ಬಂದರೆ ಮೊದಲರ್ಧ ದೊಡ್ಡಮ್ಮ ಅವರಿಗೆ, ಎರಡನೆಯರ್ಧ ನಮಗೆ. ಅತಿಥಿ ಸತ್ಕಾರವೂ ಆಯಿತು, ನ್ಯಾಯವೂ ಆಯಿತು. ಚಿಕ್ಕಮ್ಮನ ಹೊಟ್ಟೆಗೆ ಚೆಂಡು ಹಾಕಿ ಕೈ ಪಳಗಿದ ನಮಗೆ ದೊಡ್ಡಮ್ಮನ ಕೆಳಗೆ ನಿಂತರೆ ಕೆರೆಗೇ ಚೆಂಡು ಎಸೆದಷ್ಟು ಸಲೀಸಾಗುತ್ತಿತ್ತು.

ಆಟದ ನಿಯಮಗಳು ಮೇಷ್ಟ್ರ ಹತ್ತಿರ ಒಂದು ಸಣ್ಣ ಪುಸ್ತಕದಲ್ಲಿದ್ದವು. ಅದರ ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ಉಳಿದಷ್ಟನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆವು. ಗೆದ್ದಲಿನ ಹೊಟ್ಟೆಗೆ ಯಾವ ನಿಯಮಗಳು ಹೋದವೆಂದು ಯೋಚಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ನಾನು ತಂಡಕ್ಕೆ ಸೇರಿದ್ದು ಆಟ ಬರುತ್ತಿತ್ತು ಎಂದಲ್ಲ. ಒಂದು ಸಂಜೆ ಮೇಷ್ಟ್ರು ಟೀ ಕುಡಿಯಲು ಹೋಗಿದ್ದಾಗ ಕಂಬದ ಹಿಂದೆ ಅಡಗಿ ಅವರ ದನಿಯಲ್ಲಿ, “ಅಂಗಳ ಸುತ್ತಿ! ಒಂದ್! ಎರಡ್! ಮೊಣಕಾಲು ಮೇಲೆ!” ಎಂದೆ. ಐದು ಜನ ಆಟಗಾರರು ತಲೆ ಎತ್ತದೆ ಹನ್ನೆರಡು ಸುತ್ತು ಓಡಿದರು. ಹಿಂತಿರುಗಿ ಬಂದ ಮೇಷ್ಟ್ರು ತಮ್ಮದೇ ದನಿಯನ್ನು ಸ್ವಲ್ಪ ಹೊತ್ತು ನಿಂತು ಕೇಳಿದರಂತೆ. ಆಮೇಲೆ ನನ್ನ ಕಾಲರ್ ಹಿಡಿದು, “ಇವನ್ನ ಹೊರಗೆ ಬಿಟ್ರೆ ಅಪಾಯ. ಒಳಗೇ ಇಟ್ಕೊಳ್ಳೋಣ,” ಎಂದರು. ಹಾಗೆ ನಾನು ತಂಡದ ಆರನೆಯವನಾದೆ. ಚೆಂಡಿಗೆ ಗಾಳಿ ತುಂಬುವುದು, ಬ್ಲಾಡರ್ ತೂತಾದರೆ ಸೈಕಲ್ ಅಂಗಡಿಗೆ ಒಯ್ಯುವುದು, ಬೆಂಚಿನ ಮೇಲೆ ಕೂರುವುದು, ಇಷ್ಟು ನನ್ನ ಕೆಲಸ.

ಉಳಿದ ಐವರನ್ನು ಪರಿಚಯ ಮಾಡಿಕೊಡುತ್ತೇನೆ. ಸಿಟಿಯಿಂದ ಬರುತ್ತಿದ್ದ ಇಬ್ಬರು ಶ್ರೀನಿವಾಸರು: ಉದ್ದ ಶೀನ, ಗಿಡ್ಡ ಶೀನ. ಕೃಷ್ಣರಾಜಪುರದಿಂದ ಸೈಕಲ್ ತುಳಿದು ಬರುತ್ತಿದ್ದ ಪುಟ್ಟಸ್ವಾಮಿ. ಅಂಗಳ ಸೇರುವ ಹೊತ್ತಿಗೇ ಅವನ ಆಟ ಅರ್ಧ ಮುಗಿದಿರುತ್ತಿತ್ತು. ಶಿವಾಜಿನಗರದ ರಹಮತ್. ಈಗ ಶಿವಾಜಿನಗರ ಎನ್ನಬೇಕಂತೆ, ನಮ್ಮ ಬಾಯಿಗೆ ಇನ್ನೂ ಅದು ಬ್ಲಾಕ್‌ಪಳ್ಳಿಯೇ. ಅವನ ತಂದೆಗೆ ಮಾರ್ಕೆಟ್ಟಿನಲ್ಲಿ ಹಣ್ಣಿನ ಮಳಿಗೆ. ಕಲ್ಲಂಗಡಿ ಗಾಡಿಯಿಂದ ಇಳಿಸುವಾಗ ಒಬ್ಬ ಎಸೆದದ್ದನ್ನು ಇನ್ನೊಬ್ಬ ನೋಡದೆಯೇ ಹಿಡಿದು ಮುಂದಕ್ಕೆ ಎಸೆಯುತ್ತಾನಲ್ಲ, ರಹಮತ್ ಚೆಂಡನ್ನು ಪಾಸ್ ಮಾಡುತ್ತಿದ್ದದ್ದು ಹಾಗೆ. ಕಣ್ಣು ಎತ್ತುತ್ತಿರಲಿಲ್ಲ. ದನಿ ಬಂದ ಕಡೆ ಚೆಂಡು ಹೋಗುತ್ತಿತ್ತು.

ಆ ದನಿ ನಮ್ಮ ಕ್ಯಾಪ್ಟನ್ ಅರೋಕ್ಯಸಾಮಿಯದು. ಲಿಂಗರಾಜಪುರದವನು, ಆರಡಿ ಎತ್ತರ, ಇಗರ್ಜಿಯ ಹಾಡಿನ ಗುಂಪಿನಲ್ಲಿ ಅತಿ ತಗ್ಗಿನ ದನಿ ಅವನದೇ. ಅವನು ಮಾತಾಡಿದರೆ ಪಕ್ಕದಲ್ಲಿ ಯಾರೋ ಪಿಯಾನೋವನ್ನು ನೆಲದ ಮೇಲೆ ಎಳೆದಂತೆ ಇರುತ್ತಿತ್ತು. ಆಟದುದ್ದಕ್ಕೂ ಅವನು ಕೂಗುತ್ತಲೇ ಇರುತ್ತಿದ್ದ. “ಶೀನಾ, ಲೆಫ್ಟು!” “ಪುಟ್ಟಾ, ಕೆಳಗೆ ಹೋಗು ಡಾ!” ಚೆಂಡು ತನಗೇ ಬೇಕಾದಾಗ ಮಾತ್ರ ತಮಿಳು, “ಇಂಗ ಕುಡು!” ಇತ್ತ ಕೊಡು ಎಂದರ್ಥ. ಆ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ರಹಮತ್ತನ ಕೈಯಿಂದ ಚೆಂಡು ಅವನ ಅಪ್ಪಣೆಯನ್ನೂ ಕೇಳದೆ ಅರೋಕ್ಯನ ಕಡೆ ಹಾರುತ್ತಿತ್ತು. ನನ್ನನ್ನು ಅರೋಕ್ಯ ಕಿಳಿ ಎಂದು ಕರೆಯುತ್ತಿದ್ದ. ತಮಿಳಿನಲ್ಲಿ ಗಿಣಿ. ಹೆಸರು ಸರಿಯಾಗಿದ್ದುದರಿಂದ ನಾನು ಜಗಳವಾಡಲಿಲ್ಲ.

ವಿಶ್ವವಿದ್ಯಾನಿಲಯದ ಕ್ರೀಡಾ ಸಮಿತಿಗೆ ನಾವೆಂದರೆ ಅಷ್ಟಕ್ಕಷ್ಟೆ. ಕ್ರಿಕೆಟ್ಟಿನವರಿಗೆ, ಹಾಕಿಯವರಿಗೆ ಬ್ಲೇಜರ್ ಕೋಟಿನ ಮೇಲೆ ಹಾಕಿಕೊಳ್ಳಲು ಜರಿಯ ಬ್ಯಾಡ್ಜು ಕೊಡುತ್ತಿದ್ದರು. ನಮಗಿಲ್ಲ. ಸಮಿತಿಯ ಕಾರ್ಯದರ್ಶಿಗಳು ರುಮಾಲು ಸರಿಪಡಿಸಿಕೊಳ್ಳುತ್ತ ಮೇಷ್ಟ್ರಿಗೆ ಹೇಳಿದ್ದರಂತೆ: “ಬುಟ್ಟಿಗೆ ಚೆಂಡು ಹಾಕೋ ಆಟಕ್ಕೆ ಬ್ಯಾಡ್ಜು ಎಂಥದ್ದು ಸ್ವಾಮಿ? ಹೊರಗಿನ ಯೂನಿವರ್ಸಿಟಿ ಒಂದನ್ನ ಸೋಲಿಸಿ ತೋರಿಸಿ, ಆಮೇಲೆ ನೋಡೋಣ.” ಯುದ್ಧ ಮುಗಿದ ವರ್ಷ, ಕ್ರಿಸ್‌ಮಸ್ ಕಳೆದ ವಾರ, ಅಂಥದೊಂದು ತಂಡ ಕಡಲ ಕಡೆಯಿಂದ ಬರುವುದೆಂದು ನಿಶ್ಚಯವಾಯಿತು. ಅದು ಅರೋಕ್ಯನ ಕೊನೆಯ ವರ್ಷ.

ಬ್ಯಾಡ್ಜಿನ ಆಸೆ ನಮಗೆಲ್ಲ ಇತ್ತು. ಆದರೆ ನಿಜವಾಗಿ ಅದು ಬೇಕಿದ್ದದ್ದು ಅರೋಕ್ಯನ ಅಪ್ಪನಿಗೆ. ಸವರಿಮುತ್ತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ದರ್ಜಿ. ಮೂವತ್ತು ವರ್ಷ ದೊರೆಗಳ ಎದೆಯ ಮೇಲೆ, ದೊರೆಗಳ ಮಕ್ಕಳ ಎದೆಯ ಮೇಲೆ, ಬೇಕಾದಷ್ಟು ಬ್ಯಾಡ್ಜು ಹೊಲಿದವರು. ಮಗನಿಗೆಂದು ಅವರೊಂದು ನೀಲಿ ಬ್ಲೇಜರ್ ಹೊಲಿದು ಮನೆಯ ಗೋಡೆಗೆ ತೂಗುಹಾಕಿದ್ದರು. ಎಲ್ಲ ಮುಗಿದಿತ್ತು, ಎಡಗಡೆಯ ಮೇಲಿನ ಜೇಬೊಂದು ಬಿಟ್ಟು. ಆ ಜಾಗದಲ್ಲಿ ಸೀಮೆಸುಣ್ಣದ ಗುರುತು ಮಾತ್ರ. ನಾನು ಮೊದಲ ಸಲ ನೋಡಿದಾಗ, “ಬಟ್ಟೆ ಸಾಲ್ಲಿಲ್ವಾ ಮಾಮ?” ಎಂದು ಕೇಳಿದ್ದೆ.

“ತಂಬಿ,” ಎಂದರು ಅವರು, ಬಾಯಿಯ ಗುಂಡುಸೂಜಿ ತೆಗೆಯದೆ. “ಬ್ಯಾಡ್ಜು ಮೊದಲು ಜೇಬಿಗೆ ಹೊಲೀಬೇಕು. ಆಮೇಲೆ ಜೇಬು ಕೋಟಿಗೆ. ಕೋಟಿಗೆ ಜೇಬು ಹೊಲಿದ್ಬಿಟ್ಟು ಅದ್ರ ಮೇಲೆ ಬ್ಯಾಡ್ಜು ಹಾಕೋರು ಕಳ್ಳ ಟೈಲರ್‌ಗಳು. ಜೇಬಿನ ಬಾಯಿ ಮುಚ್ಚೋಗ್ತದೆ.”

ಕತ್ತರಿಸಿದ ಜೇಬು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಸೂಜಿ ದಾರದ ಜೊತೆ, ಕಾಯುತ್ತ ಕೂತಿತ್ತು.

ಪಂದ್ಯದ ಹಿಂದಿನ ದಿನ ಅರೋಕ್ಯ ನಮ್ಮ ಮನೆಗೆ ಬಂದ. ಬಾಯಿ ತೆರೆದ, ಗಾಳಿ ಬಂತು. ವಾರವಿಡೀ ರಿಚರ್ಡ್ಸ್ ಟೌನಿನ ಬಂಗಲೆಗಳ ಮುಂದೆ ಕ್ರಿಸ್‌ಮಸ್ ಹಾಡು ಹಾಡಿ ಗಂಟಲು ಪೂರ್ತಿ ಕಟ್ಟಿತ್ತು. ನಾನು ಎಂದಿನಂತೆ ಅವನ ದನಿಯಲ್ಲೇ, “ಏನ್ ಡಾ, ಕ್ಯಾಪ್ಟನ್? ಪಿಯಾನೋ ಯಾರಿಗೆ ಮಾರ್ದೆ?” ಎಂದೆ. ಅವನು ನಗಲಿಲ್ಲ. ನನ್ನನ್ನು ದಿಟ್ಟಿಸಿ ನೋಡಿ, ರಟ್ಟೆ ಹಿಡಿದು, ನೇರ ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದ.

ಮೇಷ್ಟ್ರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಅಂದ್ರೆ ಇವನು ಕೈ ತೋರಿಸ್ತಾನೆ, ನೀನು ಬಾಯಿ ಮಾಡ್ತೀಯ. ಬೆಂಚಿಂದ ಕೂಗೋ ಹಾಗಿಲ್ಲ, ಅದು ತಪ್ಪು, ಆ ಪುಟ ಗೆದ್ದಲು ತಿಂದಿಲ್ಲ. ಹಾಗಾದ್ರೆ ನೀನು ಒಳಗಿರ್ಬೇಕು.” ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು. “ಲೋ, ಚೆಂಡು ಮಾತ್ರ ಮುಟ್ಬೇಡ. ಒಂದ್! ಬಾಯಿ ಮುಚ್ಬೇಡ. ಎರಡ್!”

ಪುಟ್ಟಸ್ವಾಮಿ ಬೆಂಚಿಗೆ ಹೋದ. ಕೃಷ್ಣರಾಜಪುರದಿಂದ ಸೈಕಲ್ ತುಳಿದು ಬಂದದ್ದು ಬೆಂಚಿನ ಮೇಲೆ ಕೂರಲಿಕ್ಕೋ ಎಂದು ಅವನು ಇಂದಿಗೂ ಸಿಕ್ಕಿದಾಗೆಲ್ಲ ಕೇಳುತ್ತಾನೆ.

ಬಂದವರು ಹತ್ತು ಜನ. ಎಲ್ಲರಿಗೂ ಒಂದೇ ಥರದ ಬೂಟು. ನಾವು ಅದನ್ನು ನೋಡಿಯೇ ನಾಲ್ಕು ಪಾಯಿಂಟು ಸೋತೆವು. ರೆಫರಿಯಾಗಿ ದಂಡಿನ ಒಬ್ಬ ಬಿಳಿ ಸಾರ್ಜೆಂಟು. ಅದುವರೆಗೆ ನಮ್ಮ ಆಟಗಳಿಗೆಲ್ಲ ಮೇಷ್ಟ್ರೇ ರೆಫರಿ, ತಪ್ಪು ಮಾಡಿದವನು “ಸಾರಿ ಸಾರ್” ಎಂದರೆ ಮುಗಿಯುತ್ತಿತ್ತು. ಒಂದು ಮೇಜಿನ ಹಿಂದೆ ಕಾರ್ಯದರ್ಶಿಗಳು ಬ್ಯಾಡ್ಜಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ, ಭಾನುವಾರದ ಕೋಟು ಹಾಕಿ, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಸವರಿಮುತ್ತು. ಗೆದ್ದರೆ ಅಲ್ಲೇ ಹೊಲಿದುಬಿಡುವುದೆಂದು ಸೂಜಿಗೆ ದಾರ ಪೋಣಿಸಿಕೊಂಡೇ ಬಂದಿದ್ದರು.

ಮೊದಲರ್ಧವನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಅರೋಕ್ಯ ಎರಡು ಬೆರಳು ತೋರಿಸುತ್ತಿದ್ದ, ನಾನು ಪಿಯಾನೋ ಎಳೆಯುತ್ತಿದ್ದೆ: “ಶೀನಾ, ಲೆಫ್ಟು!” ಅವನು ಎದೆ ಮುಟ್ಟಿಕೊಂಡರೆ, “ಇಂಗ ಕುಡು!” ರಹಮತ್ ತಲೆ ಎತ್ತದೆ, ಓರೆಗಣ್ಣಲ್ಲೇ ಅರೋಕ್ಯನ ಕಾಲು ಗುರುತಿಸಿ ಅವನತ್ತ ಎಸೆಯುತ್ತಿದ್ದ. ಎದುರಾಳಿಗಳು ದನಿ ಬಂದ ಕಡೆ, ಅಂದರೆ ನನ್ನ ಕಡೆ, ಓಡಿ ಬರುತ್ತಿದ್ದರು. ಚೆಂಡು ಇನ್ನೆಲ್ಲೋ ಇರುತ್ತಿತ್ತು. ಅವರ ಕ್ಯಾಪ್ಟನ್ ಒಂದು ಸಲ ನಿಂತು ನನ್ನ ಬಾಯನ್ನೂ ಅರೋಕ್ಯನ ಬಾಯನ್ನೂ ನೋಡಿ ತಲೆ ಕೆರೆದುಕೊಂಡ. ಅವರು ದೊಡ್ಡಮ್ಮನಿಗೆ ಹಾಕಿದ್ದಕ್ಕಿಂತ ಹೆಚ್ಚು ನಾವು ಚಿಕ್ಕಮ್ಮನಿಗೆ ಹಾಕಿದೆವು. ಸವರಿಮುತ್ತು ಡಬ್ಬಿಯ ಮುಚ್ಚಳ ತೆಗೆದಿಟ್ಟರು.

ಎರಡನೆಯರ್ಧದ ನಡುವೆ ಅರೋಕ್ಯ ಒಬ್ಬನಿಗೆ ಭುಜ ತಾಗಿಸಿದ. ಸಾರ್ಜೆಂಟು ಸೀಟಿ ಊದಿ, ನಾಲ್ಕು ಬೆರಳು ತೋರಿಸಿ, ಆಮೇಲೆ ಹೊರಗಡೆ ಕೈ ತೋರಿಸಿದ. ನಾವು ನಾಲ್ಕು ಜನ ಹೊರಗೆ ಹೋಗಬೇಕೇನೋ ಎಂದುಕೊಂಡೆವು. ಮೇಷ್ಟ್ರು ಪುಸ್ತಕ ಹಿಡಿದು ಓಡಿ ಬಂದರು.

“ನಾಲ್ಕು ಫೌಲ್ ಆದರೆ ಆಟಗಾರ ಹೊರಗೆ ಅಂತೆ ಕಣ್ರೋ!”

“ಎಲ್ಲಿದೆ ಸಾರ್ ಹಾಗೆ?”

ಮೇಷ್ಟ್ರು ಕೊನೆಯ ಪುಟ ತಿರುಗಿಸಿದರು. ಅಲ್ಲಿ ಗೆದ್ದಲಿನ ತೂತಿನೊಳಗಿಂದ ಅವರ ಹೆಬ್ಬೆರಳು ಕಾಣಿಸಿತು.

ಅರೋಕ್ಯ ಬೆಂಚಿಗೆ ಹೋಗಿ ತೊಡೆಯ ಕೆಳಗೆ ಕೈ ಸಿಕ್ಕಿಸಿಕೊಂಡು ಕೂತ. ಹೊರಗಿನಿಂದ ಸನ್ನೆ ಮಾಡಿದರೂ ತಪ್ಪು. ಪುಟ್ಟಸ್ವಾಮಿ ಮುಖ ಊದಿಸಿಕೊಂಡು ಒಳಗೆ ಬಂದ. ನಾನು ಕೂಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹುಡುಗರು ಕಂಗಾಲಾಗುತ್ತಿದ್ದರು. “ಪುಟ್ಟಾ, ಕೆಳಗೆ!” “ಶೀನಾ, ವಾಪಸ್ಸು!” ಕ್ಯಾಪ್ಟನ್ನಿನ ದನಿ ನನ್ನ ಬಾಯಲ್ಲಿತ್ತು, ಕ್ಯಾಪ್ಟನ್ನಿನ ತಲೆ ಬೆಂಚಿನ ಮೇಲಿತ್ತು. ಆದರೂ ಹೇಗೋ ನಡೆಯಿತು. ಅವರು ಒಂದೊಂದೇ ಪಾಯಿಂಟು ಏರಿ ನಮ್ಮನ್ನು ದಾಟಿದರು. ಕೊನೆಯ ನಿಮಿಷಕ್ಕೆ ನಾವು ಇಪ್ಪತ್ತೊಂದು, ಅವರು ಇಪ್ಪತ್ತೆರಡು.

ಆಗ ಒಂದು ವಿಚಿತ್ರವಾಯಿತು. ಇಡೀ ಆಟದಲ್ಲಿ ಚೆಂಡು ಮುಟ್ಟದ ನನ್ನನ್ನು ಕಾಯುವುದನ್ನು ಎದುರಾಳಿಗಳು ಬಿಟ್ಟೇಬಿಟ್ಟಿದ್ದರು. ನಾನು ದೊಡ್ಡಮ್ಮನ ಕೆಳಗೆ ಒಬ್ಬನೇ ನಿಂತಿದ್ದೆ. ಹತ್ತು ಮಾರಿನಲ್ಲಿ ಯಾರೂ ಇಲ್ಲ. ತಲೆಯ ಮೇಲೆ ಆ ಅಗಲವಾದ ರಿಂಗು. ನಾನಾದರೂ ಹಾಕಬಹುದಾಗಿತ್ತು, ಕಣ್ಣು ಮುಚ್ಚಿಕೊಂಡು ಹಾಕಬಹುದಾಗಿತ್ತು. ಚೆಂಡು ರಹಮತ್ತನ ಕೈಯಲ್ಲಿ. ಸುತ್ತ ಮೂವರು. ಅವನು ಎಂದಿನಂತೆ ತಲೆ ತಗ್ಗಿಸಿ ಒಂದು ದನಿಗಾಗಿ ಕಾಯುತ್ತಿದ್ದ.

ನಾನು ಎದೆ ತುಂಬ ಉಸಿರೆಳೆದು ಕೂಗಿದೆ. ಅರೋಕ್ಯನ ದನಿಯಲ್ಲಿ.

“ಇಂಗ ಕುಡು!”

ರಹಮತ್ ಆ ದನಿಗೆ ಎಸೆಯಲಿಲ್ಲ, ಆ ದನಿಯ ಒಡೆಯನಿಗೆ ಎಸೆದ. ಆ ದಿನವಿಡೀ ನಾವು ಅವನಿಗೆ ಕಲಿಸಿದ್ದೇ ಅದು: ಕೂಗು ಎಲ್ಲಿಂದಲೇ ಬರಲಿ, ಚೆಂಡು ಅರೋಕ್ಯನಿಗೆ. ಮೂವರ ನಡುವಿನಿಂದ, ತನ್ನ ಜೀವನದಲ್ಲೇ ಅವನು ಅಂಥ ಪಾಸು ಕೊಟ್ಟಿರಲಾರ, ಚೆಂಡು ಗೆರೆ ದಾಟಿ, ಮೇಷ್ಟ್ರ ರುಮಾಲಿನ ಪಕ್ಕದಲ್ಲಿ ಹಾದು, ನೇರ ಬೆಂಚಿಗೆ ಹೋಯಿತು. ಅರೋಕ್ಯ ಎದ್ದು ನಿಂತು ಎರಡು ಕೈಯಲ್ಲೂ ಅದನ್ನು ಹಿಡಿದ. ಏನೂ ತಪ್ಪಿಲ್ಲದ ಹಿಡಿತ. ಆಮೇಲೆ ತಾನೆಲ್ಲಿದ್ದೇನೆಂದು ನೋಡಿಕೊಂಡ.

ಸಾರ್ಜೆಂಟು ಚೆಂಡನ್ನು ಎದುರಾಳಿಗಳಿಗೆ ಕೊಟ್ಟ. ಅವರು ಅದನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಉಳಿದ ಹೊತ್ತು ಕಳೆದರು. ಕೊನೆಯ ಸೀಟಿ ಆಯಿತು.

“ನಂದೇನ್ ತಪ್ಪು ಭಾಯ್?” ಎಂದು ರಹಮತ್ ಎಲ್ಲರ ಮುಂದೆ ಕೈ ಚಾಚಿದ. “ಅವನ ಆವಾಜ್ ಬಂತು, ಅವನಿಗೆ ಹಾಕ್ದೆ. ನೀನು ನಿನ್ನ ಆವಾಜಲ್ಲಿ ಕೂಗೋದಕ್ಕೆ ಏನಾಗಿತ್ತು?”

ಮೇಷ್ಟ್ರು ಆ ಹೊತ್ತಿನಲ್ಲಿ ಎಣಿಸುವುದನ್ನೇ ಮರೆತಿದ್ದರು. ಅರೋಕ್ಯ ಮಾತ್ರ ಚೆಂಡನ್ನು ಕುಂಬಳಕಾಯಿಯಂತೆ ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದು, ಉಳಿದಿದ್ದ ಗಾಳಿಯಲ್ಲಿ, “ಪಾಸು ಚೆನ್ನಾಗಿತ್ತು ಕಿಳಿ,” ಎಂದ. ಮೇಜಿನ ಹಿಂದೆ ಕಾರ್ಯದರ್ಶಿಗಳು ಪೆಟ್ಟಿಗೆ ಮುಚ್ಚಿದರು. ಅದರ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳವೂ ಮುಚ್ಚಿತು. ರೈಲಿನ ಸದ್ದಿನಿಂದ ಹಿಡಿದು ನಮ್ಮ ಆಫೀಸಿನ ಹೆಡ್ ಗುಮಾಸ್ತರ ಆಕಳಿಕೆಯವರೆಗೆ ನನಗೆ ಬಾರದ ಸದ್ದಿಲ್ಲ. ಆ ತಗಡಿನ ಸದ್ದನ್ನು ಮಾತ್ರ ನಾನು ಇದುವರೆಗೆ ಮಾಡಿ ತೋರಿಸಿಲ್ಲ.

ಮುಂದಿನ ವರ್ಷ ನಾವು ಗೆದ್ದೆವು. ಚರಿತ್ರೆಯಲ್ಲಿ ಬರೆಯಬೇಕಾದದ್ದು ಅದೇ ಇರಬೇಕು, ಆದರೆ ಅದರ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಮೇಷ್ಟ್ರು ಹೊಸ ಪುಸ್ತಕ ತರಿಸಿ ಅದಕ್ಕೆ ಕರ್ಪೂರ ಇಟ್ಟಿದ್ದರು. ರಹಮತ್ ತಲೆ ಎತ್ತಿ ಆಡುವುದನ್ನು ಕಲಿತಿದ್ದ. ನಾನು ಒಟ್ಟು ನಾಲ್ಕು ನಿಮಿಷ ಆಡಿದೆ, ಬಾಯಿ ಮುಚ್ಚಿಕೊಂಡು. ಎಲ್ಲರಿಗೂ ಬ್ಯಾಡ್ಜು ಬಂತು, ನನಗೂ ಬಂತು. ಅರೋಕ್ಯ ಅಷ್ಟರಲ್ಲಿ ಪಾಸಾಗಿ, ವಿಮಾನದ ಕಾರ್ಖಾನೆಯಲ್ಲಿ ನಕ್ಷೆ ಎಳೆಯುವ ಕೆಲಸಕ್ಕೆ ಸೇರಿದ್ದ.

ಬ್ಯಾಡ್ಜು ತೆಗೆದುಕೊಂಡು ನಾನು ಲಿಂಗರಾಜಪುರಕ್ಕೆ ಹೋದೆ. ಸವರಿಮುತ್ತು ಜಗಲಿಯ ಮೇಲೆ ಮಿಷನ್ ತುಳಿಯುತ್ತಿದ್ದರು. ಅರೋಕ್ಯ ಮೆಟ್ಟಿಲ ಮೇಲೆ ಕೂತು ಶೂಸು ಬಿಚ್ಚುತ್ತಿದ್ದ. ಒಳಗೆ ಗೋಡೆಯ ಮೇಲೆ ಆ ಕೋಟು ಇನ್ನೂ ಇತ್ತು. ಸೀಮೆಸುಣ್ಣದ ಗುರುತು ಅಳಿಸಿಹೋದಾಗೆಲ್ಲ ಅವರು ಮತ್ತೆ ಎಳೆದಿದ್ದರೆಂದು ಕಾಣುತ್ತದೆ. ಗೆರೆ ಹೊಸದಾಗಿತ್ತು.

“ಮಾಮ, ಇದನ್ನ ಆ ಜೇಬಿಗೆ ಹೊಲೀರಿ,” ಎಂದು ಬ್ಯಾಡ್ಜನ್ನು ಮಿಷನ್ನಿನ ಮೇಲಿಟ್ಟೆ.

ಸವರಿಮುತ್ತು ಅದನ್ನು ಬೆರಳಿನಿಂದ ಸವರಿ ನೋಡಿದರು. ಜರಿಯ ಗುಣ ಪರೀಕ್ಷಿಸಿದರು. ಆಮೇಲೆ ನನ್ನ ಕಡೆಗೇ ತಳ್ಳಿದರು. “ಯಾರಿಗೆ ಕೊಟ್ರೋ ಅವನ ಎದೆಗೇ ಹೊಲೀಬೇಕು ತಂಬಿ. ಮೂವತ್ತು ವರ್ಷದಲ್ಲಿ ಒಬ್ಬನ ಬ್ಯಾಡ್ಜು ಇನ್ನೊಬ್ಬನಿಗೆ ಹೊಲಿದಿಲ್ಲ ನಾನು. ಜನರಲ್ ಬಂದು ಕೇಳಿದ್ರೂ ಹೊಲಿಯಲ್ಲ.”

“ನಂಗೂ ಬೇಡ ಡಾ,” ಎಂದ ಅರೋಕ್ಯ. ಪಿಯಾನೋ ಎಂದೋ ವಾಪಸ್ಸು ಬಂದಿತ್ತು. “ನಿಂದು ನೀನು ಹಾಕ್ಕೋ.”

ಇಂಥ ಸಂದರ್ಭದಲ್ಲಿ ನಾನು ಯಾರದಾದರೂ ದನಿ ತೆಗೆದು ನಗಿಸಿ ಪಾರಾಗುತ್ತೇನೆ. ಮೇಷ್ಟ್ರದೋ, ಕಾರ್ಯದರ್ಶಿಗಳದೋ ತೆಗೆಯೋಣವೆಂದು ನೋಡಿದೆ. ಯಾವುದೂ ಬರಲಿಲ್ಲ. “ನಾಲ್ಕು ನಿಮಿಷ ಆಡಿದವನು ನಾನು, ಮೂರು ವರ್ಷ ಆಡಿದವನು ನೀನು. ಕೂಗಿ ಕೆಡಿಸಿದ್ದು ನಾನು,” ಎಂದೆ. ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಬಹುಶಃ ನನ್ನದೇ ಇರಬೇಕು. ಯಾಕೆಂದರೆ ಅಪ್ಪ ಮಗ ಇಬ್ಬರೂ ಇವನ್ಯಾರಪ್ಪ ಎನ್ನುವಂತೆ ತಲೆ ಎತ್ತಿ ನೋಡಿದರು.

ಸವರಿಮುತ್ತು ಮಿಷನ್ನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದರು. ಆಮೇಲೆ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಬ್ಯಾಡ್ಜನ್ನು ಜೇಬಿನ ಮೇಲಿಟ್ಟು, ಕಣ್ಣಿನಲ್ಲೇ ಅಳೆದು, ಕೈಹೊಲಿಗೆ ಹಾಕತೊಡಗಿದರು. ನನಗೆ ಗೆದ್ದಂತಾಯಿತು. ಆದರೆ ಹೊಲಿದು ಮುಗಿಸಿದ ಜೇಬನ್ನು ಅವರು ಕೋಟಿಗೆ ಇಡಲಿಲ್ಲ. ಅದನ್ನು ತಿರುಗಿಸಿ, ರವಿಕೆಗೆ ಹಾಕುವ ಟಿಚ್ ಬಟನ್ನುಗಳ ಹಾಳೆ ತೆಗೆದರು.

“ಇದೇನ್ ಪಾ?” ಎಂದ ಅರೋಕ್ಯ.

“ಹೊಲಿದ್ರೆ ಸುಳ್ಳಾಗ್ತದೆ,” ಎಂದರು ಸವರಿಮುತ್ತು. “ಟಿಚ್ ಬಟನ್ ಹಾಕಿದ್ರೆ ಎರವಲು ಆಗ್ತದೆ. ಎರವಲಿನಲ್ಲಿ ತಪ್ಪಿಲ್ಲ. ತಂಬಿ, ನಿಂತ್ಕೋ, ನಿಂಗೂ ಒಂದು ಕೋಟು ಹೊಲೀಬೇಕು. ಎದೆ ಎಲ್ಲಿದೆ ನಿಂದು? ಉಸ್ರು ತಗೋ, ಕಾಣಿಸ್ಲಿ.”

ಹೀಗೆ ಎರಡು ಕೋಟಿಗೆ ಒಂದು ಜೇಬು. ಆರು ತಿಂಗಳು ಅವನ ಮನೆ, ಆರು ತಿಂಗಳು ನಮ್ಮ ಮನೆ. ಒಂದೇ ಸಮಾರಂಭಕ್ಕೆ ಇಬ್ಬರೂ ಹೋಗಬೇಕಾದರೆ ಕಷ್ಟ. ರಹಮತ್ತನ ಅಣ್ಣನ ಮದುವೆಯಲ್ಲಿ ಊಟಕ್ಕೆ ಮುಂಚೆ ಅವನು, ಆಮೇಲೆ ನಾನು ಎಂದು ಒಪ್ಪಂದವಾಯಿತು. ಶಾಮಿಯಾನದ ಹಿಂದೆ ಟಿಚ್ ಟಿಚ್ ಎಂದು ಬಿಚ್ಚಿ ಹಾಕಿಕೊಳ್ಳುತ್ತಿದ್ದಾಗ ರಹಮತ್ ಬಂದು, “ಏನ್ ಭಾಯ್, ಪಾಸ್ ಮಾಡ್ತಿದ್ದೀರಾ?” ಎಂದ. ಇನ್ನೊಂದು ಮಾತು, ಈ ಜೇಬಿನಲ್ಲಿ ಏನನ್ನೂ ಇಡುವ ಹಾಗಿಲ್ಲ. ಪೆನ್ನು ಸಿಕ್ಕಿಸಿದರೆ ಆ ಭಾರಕ್ಕೇ ಮೇಲಿನ ಬಟನ್ನುಗಳು ಬಿಚ್ಚಿಕೊಂಡು ವಿಶ್ವವಿದ್ಯಾನಿಲಯದ ಗೌರವ ಹೊಟ್ಟೆಯ ಮೇಲೆ ಜೋಲಾಡುತ್ತದೆ.

ಬರುವ ಬುಧವಾರ ಅರೋಕ್ಯನ ಮದುವೆ. ಅಂದು ಅದಲುಬದಲು ಇಲ್ಲ, ಇಡೀ ದಿನ ಜೇಬು ಅವನದೇ. ಮದುವೆಯ ಫೋಟೋದಲ್ಲಿ ನೀವು ಎಂದಾದರೂ ಗಂಡಿನ ಪಕ್ಕದಲ್ಲಿ, ಎದೆಯ ಮೇಲೆ ಆರು ಬಟನ್ನು ಹೊಳೆಯುವ ಒಬ್ಬನನ್ನು ಕಂಡರೆ, ಅವನೇ ಈ ಚರಿತ್ರೆ ಬರೆದವನೆಂದು ತಿಳಿಯಿರಿ. ಇಸವಿಗಳನ್ನು ಮೇಷ್ಟ್ರೇ ಹಾಕಿಕೊಳ್ಳಲಿ.

“ಡೇಯ್, ಕಿಳೀ!”

ಬಂದ. ಗೇಟಿನಲ್ಲಿ ನಿಂತು ಪಿಯಾನೋ ಎಳೆಯುತ್ತಿದ್ದಾನೆ. ಅಡಿಗೆಮನೆಯಿಂದ ಅಮ್ಮ ಕೂಗಿದಳು, “ಸಾಕು ನಿಲ್ಸೋ! ಆ ಹುಡುಗ ಬರೋ ಹೊತ್ತಾಯ್ತು, ಅವನ ಥರ ಅರಚ್ಬೇಡ.”

“ಕಿಳೀ! ಗೇಟು ತೆಗಿ ಡಾ!”

“ತೆಗೆಯಲ್ಲ ನಾನು. ಇನ್ನು ಏಮಾರೋಳಲ್ಲ.”

“ಅಮ್ಮಾ,” ಎಂದೆ ಜೇಬನ್ನು ಕೈಗೆತ್ತಿಕೊಂಡು, “ನಾನಲ್ಲಮ್ಮ ಅದು. ನಿಜವಾಗ್ಲೂ ಅರೋಕ್ಯನೇ ಬಂದಿದ್ದಾನೆ.”

ಸೌಟು ಹಿಡಿದೇ ಅಡಿಗೆಮನೆಯ ಬಾಗಿಲಿಗೆ ಬಂದು ಇಣುಕಿದಳು.

“ಇದ್ಯಾರ ದನಿಯೋ ಹೊಸದು?” ಎಂದಳು ಅಮ್ಮ.